ಬುಡ ಕೊಳೆತ ಯುಫೋರ್ಬಿಯಾ ಸಾಲಿನ ರಿಪೇರಿ

ಮನೆಯ ಮುಂಗೋಡೆಗುಂಟ ಯುಫೋರ್ಬಿಯಾ ಮಿಲಿ ಗಿಡಗಳ ಸಾಲೊಂದು ನಾವು ಇಲ್ಲಿಗೆ ಬರುವುದಕ್ಕೆ ಮೊದಲೇ ಇತ್ತು. 3 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಪಾತಿ. ಗಿಡಗಳು ಸೊಂಟದೆತ್ತರ ಬೆಳೆದಿದ್ದವು ನಿಜ, ಆದರೆ ಬೆಳೆದದ್ದೆಲ್ಲ ಮುಳ್ಳು ತುಂಬಿದ ಬೋಳು ಕಾಂಡ. ತುದಿಯಲ್ಲಿ ಒಂದು ಹಿಡಿ ಎಲೆ, ಅದರ ನಡುವೆ ನಾಲ್ಕಾರು ಕೆಂಪು ಹೂ. ವರ್ಷವಿಡೀ ಹಸಿರಾಗಿದ್ದು ಹೂ ಬಿಡುತ್ತಲೇ ಇರುವ ಗಿಡವೆಂದು ಜನ ಇದನ್ನು ನೆಡುತ್ತಾರೆ. ಈ ಸಾಲಿನಲ್ಲಿ ಹಸಿರೂ ಕಡಿಮೆ, ಹೂವೂ ಕಡಿಮೆ. ಮಳೆಗಾಲ ಮುಗಿಯುವ ಹೊತ್ತಿಗೆ ಎಡತುದಿಯ ಗಿಡಗಳು ಒಂದೊಂದಾಗಿ ವಾಲತೊಡಗಿದವು. ಕೋಲಿನಿಂದ ತುಸು ತಳ್ಳಿದರೆ ಬುಡದಲ್ಲೇ ಮುರಿದು ಬೀಳುತ್ತಿದ್ದವು.

ಪಕ್ಕದ ಮನೆಯ ಹಿರಿಯರು ನೋಡಿ, "ಶಿಲೀಂಧ್ರನಾಶಕ ಹೊಡೆಯಿರಿ, ಸರಿಹೋಗುತ್ತದೆ" ಎಂದರು.

"ಹೊಡೆಯಬಹುದು ಸರ್. ಆದರೆ ಬಲತುದಿಯ ಗಿಡಗಳಿಗೆ ಏನೂ ಆಗಿಲ್ಲವಲ್ಲ, ಅದು ಯಾಕೆ ಎಂದು ಮೊದಲು ನೋಡಿಬಿಡುತ್ತೇನೆ" ಎಂದೆ.

ನನ್ನ ಅನುಮಾನ ಅಲ್ಲಿಂದಲೇ ಶುರುವಾಗಿದ್ದು. ರೋಗವೇ ಮೂಲವಾಗಿದ್ದರೆ ಅದು ಸಾಲಿನಲ್ಲಿ ಎಲ್ಲೆಂದರಲ್ಲಿ ಕಾಣಿಸಿಕೊಳ್ಳಬೇಕಿತ್ತು. ಇಲ್ಲಿ ಎಡತುದಿ ಪೂರ್ತಿ ಸತ್ತಿದೆ, ನಡುವಿನವು ಹಳದಿ ತಿರುಗಿವೆ, ಬಲತುದಿಯವು ಗಟ್ಟಿಯಾಗಿಯೇ ನಿಂತಿವೆ. ತಲೆಯೆತ್ತಿ ನೋಡಿದರೆ ಎಡತುದಿಯ ನೆತ್ತಿಯ ಮೇಲೆಯೇ ತಾರಸಿಯ ಮಳೆನೀರಿನ ಪೈಪು ಬಾಯಿ ತೆರೆದುಕೊಂಡಿತ್ತು. ತಾರಸಿಯ ನೀರಷ್ಟೂ ಆ ಮೂಲೆಗೆ ಸುರಿದು, ಅಲ್ಲಿಂದ ಪಾತಿಯ ಉದ್ದಕ್ಕೂ ಹರಿದು ನಿಲ್ಲುತ್ತಿತ್ತು.

ಈ ಗಿಡದ ಮೂಲ ಮಡಗಾಸ್ಕರ್. ಅಲ್ಲಿ ಇದು ಬಂಡೆಗಳ ಸಂದುಗಳಲ್ಲಿ, ನೀರು ಬಿದ್ದ ಕ್ಷಣವೇ ಜಾರಿಹೋಗುವ ಜಾಗದಲ್ಲಿ ಬೆಳೆಯುತ್ತದೆ. ರಿಯೂನಿಯನ್ ದ್ವೀಪದ ಗವರ್ನರ್ ಆಗಿದ್ದ ಬ್ಯಾರನ್ ಮಿಲಿಯಸ್ ಇದನ್ನು 1821ರಲ್ಲಿ ಫ್ರಾನ್ಸಿಗೆ ಕೊಂಡೊಯ್ದ. 1826ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಶಾರ್ಲ್ ದೆ ಮುಲಾಂ ಇದನ್ನು ವಿವರಿಸಿ, ಆ ಗವರ್ನರನ ಹೆಸರನ್ನೇ ಗಿಡಕ್ಕೆ ಇಟ್ಟ. ಎರಡು ಶತಮಾನಗಳಿಂದ ತೋಟ, ಕುಂಡ, ಕಿಟಕಿಗಳಲ್ಲಿ ಬಾಳಿದರೂ ಅದರ ಬೇರಿನ ಸ್ವಭಾವ ಇನ್ನೂ ಬಂಡೆಯ ಸಂದಿನದ್ದೇ. ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡವಾದ್ದರಿಂದ ವಾರಗಟ್ಟಲೆ ಒಣಗಿದರೂ ತಡೆದುಕೊಳ್ಳುತ್ತದೆ. ಬೇರು ಕೆಲವು ದಿನ ನೀರಿನಲ್ಲಿ ನಿಂತರೆ ಮಾತ್ರ ತಡೆದುಕೊಳ್ಳುವುದಿಲ್ಲ.

ಹಳದಿ ಎಲೆಯನ್ನು ಓದುವುದು

ಎಲೆ ಹಳದಿಯಾದ ತಕ್ಷಣ ಬಾಯಾರಿಕೆಯೆಂದು ನೀರು ಹುಯ್ಯುವವರೇ ಹೆಚ್ಚು. ಯುಫೋರ್ಬಿಯಾ ನೀರು ಕಡಿಮೆಯಾದರೂ ಎಲೆ ಹಳದಿ ಮಾಡಿ ಉದುರಿಸುತ್ತದೆ, ಹೆಚ್ಚಾದರೂ ಅದನ್ನೇ ಮಾಡುತ್ತದೆ. ಎಲೆಯನ್ನು ನಂಬುವಂತಿಲ್ಲವಾದ್ದರಿಂದ ಕಾಂಡವನ್ನು ನೋಡಬೇಕು. ಬಾಯಾರಿದ ಕಾಂಡ ಸ್ವಲ್ಪ ಸುಕ್ಕುಗಟ್ಟಿರುತ್ತದೆ, ಆದರೆ ಒತ್ತಿದರೆ ಗಟ್ಟಿ. ಮುಳುಗಿದ ಕಾಂಡದ ಬುಡ ಮಣ್ಣಿನ ಮಟ್ಟದಲ್ಲಿ ಕಂದುಗಟ್ಟಿ, ಪೆನ್ಸಿಲ್ ತುದಿಯಿಂದ ಒತ್ತಿದರೆ ಒಳಕ್ಕೆ ಹೋಗುತ್ತದೆ, ಕೊಳೆತ ವಾಸನೆಯನ್ನೂ ಬೀರುತ್ತದೆ. ನಡುವಿನ ಗಿಡಗಳಲ್ಲಿ ಅರ್ಧದಷ್ಟರ ಬುಡ ಹೀಗೇ ಇತ್ತು.

ಮಣ್ಣಿನ ಪರೀಕ್ಷೆಯನ್ನೂ ಮಾಡಿದೆ. 30 ಸೆಂಟಿಮೀಟರ್ ಆಳದ ಗುಳಿ ತೋಡಿ, ನೀರು ತುಂಬಿ, ಅದು ಪೂರ್ತಿ ಇಂಗಲು ಬಿಟ್ಟೆ. ಮೊದಲ ಸಲದ ನೀರು ಲೆಕ್ಕಕ್ಕಿಲ್ಲ, ಒಣಮಣ್ಣು ಅದನ್ನು ಹೀರಿಬಿಡುತ್ತದೆ. ಎರಡನೆಯ ಸಲ ತುಂಬಿ, ಅಳತೆಪಟ್ಟಿಯನ್ನು ಗುಳಿಯಲ್ಲಿ ನಿಲ್ಲಿಸಿ ಕಾದೆ. ಗಂಟೆಗೆ 2.5 ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಆ ಮಣ್ಣು ನೀರು ಬಸಿಯುವ ಮಣ್ಣಲ್ಲ. ನಮ್ಮ ಪಾತಿಯಲ್ಲಿ ಊಟ ಮುಗಿಸಿ ಬಂದು ನೋಡಿದರೂ ನೀರಿನ ಮಟ್ಟ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಮೇಲ್ಗಡೆ ಒಂದು ಗೇಣು ಕೆಮ್ಮಣ್ಣು, ಅದರ ಕೆಳಗೆ ಗುದ್ದಲಿಗೆ ಅಂಟಿಕೊಂಡು ಬರುವ ಜೇಡಿಮಣ್ಣು. ಶಿಲೀಂಧ್ರನಾಶಕದ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಕೊಳೆಸುವ ಶಿಲೀಂಧ್ರ ಅಲ್ಲಿ ಇದ್ದೇ ಇತ್ತು, ಆದರೆ ಪಾತಿಯಲ್ಲಿ ನೀರು ನಿಲ್ಲುವುದು ತಪ್ಪುವವರೆಗೆ ಎಷ್ಟು ಔಷಧಿ ಹೊಡೆದರೂ ಅದು ಮತ್ತೆ ಬರುತ್ತದೆ.

ಪೈಪಿನ ಕೆಲಸ ಸುಲಭದ್ದು. ಒಂದು ಬೆಂಡ್ ಮತ್ತು ಎರಡು ಮೀಟರ್ ಪಿವಿಸಿ ಪೈಪು ಸೇರಿಸಿ ನೀರನ್ನು ಪಾತಿಯಿಂದಾಚೆಗೆ, ಅಂಗಳದ ಮೋರಿಗೆ ತಿರುಗಿಸಿದ್ದಾಯಿತು. ಉಳಿದ ಕೆಲಸಕ್ಕೆ ಮಳೆ ಪೂರ್ತಿ ನಿಂತು, ಮಣ್ಣು ಒಣಗಿ, ಬಿಸಿಲು ಬಲಿಯುವವರೆಗೆ ಕಾದೆ. ತೇವದ ದಿನಗಳಲ್ಲಿ ಕತ್ತರಿಸಿದ ಗಾಯ ಒಣಗುವುದಿಲ್ಲ, ಕೊಳೆ ಅಲ್ಲಿಂದಲೇ ಒಳಗೆ ಇಳಿಯುತ್ತದೆ.

ಹಾಲಿನ ವಿಷಯ

ಕತ್ತರಿ ಹಿಡಿಯುವ ಮೊದಲು ಹೇಳಬೇಕಾದದ್ದು ಇದು. ಮುಳ್ಳು ಕಣ್ಣಿಗೆ ಕಾಣುತ್ತದೆ, ಎಲ್ಲರೂ ಅದಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ಹಾಲಿಗೆ. ಎಲೆಗಳ್ಳಿ, ಚದುರಗಳ್ಳಿಗಳೂ ಯುಫೋರ್ಬಿಯಾಗಳೇ, ಅವುಗಳ ಹಾಲು ಕಣ್ಣಿಗೆ ಸಿಡಿದರೆ ಏನಾಗುತ್ತದೆ ಎಂಬುದು ಹಳಬರಿಗೆ ಗೊತ್ತು. ಯುಫೋರ್ಬಿಯಾ ಮಿಲಿಯ ಹಾಲಿನಲ್ಲಿಯೂ ಇಂಜೆನಾಲ್ ವರ್ಗದ ಚರ್ಮ ಉರಿಸುವ ರಾಸಾಯನಿಕಗಳಿವೆ. ಕೆಲವರಿಗೆ ಚರ್ಮದ ಮೇಲೆ ಬಿದ್ದ ಕೆಲವು ಗಂಟೆಗಳ ನಂತರ ಕೆಂಪಾಗಿ ಬೊಕ್ಕೆ ಏಳುತ್ತದೆ, ಹಾಗಾಗಿ ಬಿದ್ದಾಗ ಉರಿಯಲಿಲ್ಲವೆಂದು ಸುಮ್ಮನಿರಬಾರದು. ಕಣ್ಣಿಗೆ ಬಿದ್ದರೆ ಕಾರ್ನಿಯಾಕ್ಕೆ ಏಟು.

ನಾನು ಹಾಕಿಕೊಂಡದ್ದು ದಪ್ಪ ಚರ್ಮದ ಕೈಗವಸು, ಅದರ ಒಳಗೆ ರಬ್ಬರ್ ಕೈಗವಸು, ತುಂಬುತೋಳಿನ ಹಳೆಯ ಅಂಗಿ, ಪಕ್ಕಗಳೂ ಮುಚ್ಚುವ ಕನ್ನಡಕ. ಚರ್ಮದ ಕೈಗವಸು ಮುಳ್ಳನ್ನು ತಡೆಯುತ್ತದೆ, ಹಾಲನ್ನು ಹೀರಿಕೊಳ್ಳುತ್ತದೆ. ಒಳಗಿನ ರಬ್ಬರ್ ಇರುವುದು ಅದಕ್ಕೆ. ಬೆವರು ಒರೆಸಲು ಅದೇ ಕೈ ಮುಖಕ್ಕೆ ಹೋಗುವುದೇ ದೊಡ್ಡ ಅಪಾಯ, ಆದ್ದರಿಂದ ಹಣೆಗೆ ಒಂದು ಟವೆಲ್ ಕಟ್ಟಿಕೊಂಡೆ. ಚರ್ಮಕ್ಕೆ ತಾಗಿದರೆ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು, ಬರಿ ನೀರಿಗೆ ಆ ಅಂಟು ಬಿಡುವುದಿಲ್ಲ. ಕಣ್ಣಿಗೆ ತಾಗಿದರೆ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ನೇರವಾಗಿ ಕಣ್ಣಿನ ವೈದ್ಯರ ಬಳಿ ಹೋಗಬೇಕು, ಮನೆಮದ್ದು ಬೇಡ. ಮಕ್ಕಳನ್ನೂ ನಾಯಿಯನ್ನೂ ಆ ಹೊತ್ತು ಒಳಗೇ ಇಟ್ಟುಕೊಂಡೆವು.

ಇನ್ನೊಂದು ಎಚ್ಚರಿಕೆ: ಕತ್ತರಿಸಿದ ತುಂಡುಗಳನ್ನಾಗಲಿ, ಹಾಲು ತಾಗಿದ ಪಾತ್ರೆ ತೊಳೆದ ನೀರನ್ನಾಗಲಿ ಮೀನಿನ ತೊಟ್ಟಿ, ಕೊಳಗಳ ಹತ್ತಿರ ತರಬಾರದು. ಬ್ರೆಜಿಲ್‌ನಲ್ಲಿ ಸಂಶೋಧಕರು ಇದೇ ಗಿಡದ ಹಾಲನ್ನು ತೆಳುವಾಗಿ ಕರಗಿಸಿ, ರೋಗ ಹರಡುವ ನೀರುಬಸವನಹುಳುಗಳನ್ನು ಕೊಲ್ಲಲು ಪ್ರಯೋಗಿಸಿದ್ದಾರೆ. ಅಷ್ಟು ಪ್ರಬಲ. ಕಡಿದ ಕಸವನ್ನು ಸುಡಲೂ ಬಾರದು, ಹೊಗೆಯೇ ಕಣ್ಣು ಮೂಗು ಉರಿಸುತ್ತದೆ. ನಾನು ಗುಂಡಿ ತೋಡಿ ಹೂತೆ.

ಕತ್ತರಿ

ಬೋಳಾದ ಕಾಂಡದ ಮೇಲೆ ಎಲೆ ಮತ್ತೆ ಬರುತ್ತದೆಂದು ಕಾಯುವುದು ವ್ಯರ್ಥ. ಯುಫೋರ್ಬಿಯಾ ಮಿಲಿಯ ಎಲೆ ಹುಟ್ಟುವುದು ಹೊಸ ಬೆಳವಣಿಗೆಯಲ್ಲಿ ಮಾತ್ರ. ಒಮ್ಮೆ ಉದುರಿದ ಜಾಗದಲ್ಲಿ ಮುಳ್ಳು ಉಳಿಯುತ್ತದೆ, ಎಲೆ ತಿರುಗಿ ಬರುವುದಿಲ್ಲ. ಗಿಡ ತುಂಬಿಕೊಳ್ಳಬೇಕೆಂದರೆ ಕಾಂಡವನ್ನು ಕೆಳಗೆ ಕತ್ತರಿಸಿ, ಅಲ್ಲಿಂದ ಹೊಸ ಕವಲು ಒಡೆಯುವಂತೆ ಮಾಡಬೇಕು. ಬುಡ ಗಟ್ಟಿಯಿದ್ದ ಗಿಡಗಳನ್ನೆಲ್ಲ ನೆಲದಿಂದ 30 ಸೆಂಟಿಮೀಟರಿಗೆ ಇಳಿಸಿದೆ. ನೋಡಲು ಕರುಣಾಜನಕ. ಮನೆಯವರು, "ಉಳಿದದ್ದನ್ನೂ ಮುಗಿಸಿಬಿಟ್ಟಿರಾ?" ಎಂದು ಕೇಳಿದರು.

ಕತ್ತರಿಸಿದ ತಕ್ಷಣ ಗಾಯದ ಅಂಚಿನಲ್ಲಿ ಬಿಳಿ ಹನಿಗಳು ಸಾಲಾಗಿ ಮೂಡುತ್ತವೆ, ಒಂದಕ್ಕೊಂದು ಕೂಡಿಕೊಂಡು ದಾರವಾಗಿ ಮುಳ್ಳುಗಳ ನಡುವೆ ಇಳಿಯುತ್ತವೆ. ಹಾಲು ಹೆಚ್ಚು ಬರುವುದು ತೊಗಟೆಯ ಕೆಳಗಿನ ಪದರದಿಂದ. ತಣ್ಣೀರು ಸಿಂಪಡಿಸಿದರೆ ಅದು ಹೆಪ್ಪುಗಟ್ಟಿ ನಿಲ್ಲುತ್ತದೆ. ಕತ್ತರಿಸಿದ ಮುಖವನ್ನು ಅಲ್ಲೇ ನಿಂತು ನೋಡಿದೆ. ಅಂಚಿನಿಂದ ನಡುವಿನವರೆಗೆ ತಿಳಿಹಸಿರು, ನಡುವೆ ಬೆಳ್ಳಗಿದ್ದರೆ ಕಾಂಡ ಆರೋಗ್ಯವಾಗಿದೆ ಎಂದರ್ಥ. ಒಳಗೆ ಕಂದು ಉಂಗುರವೋ ಚುಕ್ಕೆಯೋ ಕಂಡರೆ ಕೊಳೆ ಅಲ್ಲಿಯವರೆಗೆ ಏರಿದೆ. ಬುಡ ಹೋದ ಗಿಡಗಳಲ್ಲಿ ಕಂದು ಬಣ್ಣ ಪೂರ್ತಿ ಮಾಯವಾಗುವವರೆಗೆ ಮೇಲಕ್ಕೆ ಕತ್ತರಿಸುತ್ತಾ ಹೋದೆ, ಪ್ರತಿ ಸಲವೂ ಕತ್ತರಿಯ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು. ಒರೆಸದಿದ್ದರೆ ಕೊಳೆಯನ್ನು ನಾವೇ ಮೇಲಕ್ಕೆ ಹೊತ್ತುಕೊಂಡು ಹೋದಂತೆ. ಅಲಗಿಗೆ ಅಂಟಿದ ಹಾಲು ಒಣಗಿ ರಬ್ಬರಿನಂತಾದಾಗ ಅಡುಗೆ ಎಣ್ಣೆ ಸವರಿ ಉಜ್ಜಿದರೆ ಬಿಡುತ್ತದೆ.

ಕತ್ತರಿಸುವ ಈ ಕ್ರಮ ಎಲ್ಲ ನಿತ್ಯಹಸಿರು ಯುಫೋರ್ಬಿಯಾಗಳಿಗೂ ಒಗ್ಗುವುದಿಲ್ಲ. ಚಳಿದೇಶಗಳ ತೋಟಗಳಲ್ಲಿ ಬೆಳೆಯುವ ಯುಫೋರ್ಬಿಯಾ ಕರೇಸಿಯಾಸ್ ಮೆಡಿಟರೇನಿಯನ್ ಕಡೆಯದು. ಮುಳ್ಳಿಲ್ಲ, ಬೂದಿಹಸಿರಿನ ಎಲೆ, ತುದಿಯಲ್ಲಿ ಹಳದಿಹಸಿರಿನ ದೊಡ್ಡ ಗೊಂಚಲು. ಅದರ ಕಾಂಡ ಮೊದಲ ವರ್ಷ ಬರೀ ಎಲೆ ಬಿಟ್ಟು, ಎರಡನೆಯ ವರ್ಷ ಹೂ ಬಿಟ್ಟು ಸಾಯುತ್ತದೆ. ಹೂ ಮುಗಿದ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಪಕ್ಕದಲ್ಲಿ ಬರುತ್ತಿರುವ ಈ ವರ್ಷದ ಕಾಂಡಗಳನ್ನು ಮುಟ್ಟದೆ ಬಿಡಬೇಕು. ನಾನು ಇಲ್ಲಿ ಮಾಡಿದಂತೆ ಎಲ್ಲವನ್ನೂ ಅರ್ಧಕ್ಕೆ ಕತ್ತರಿಸಿದರೆ ಮುಂದಿನ ವರ್ಷದ ಹೂವೂ ಹೋಯಿತು. ನೆಲದ ಮೇಲೆ ಹರಡುವ ಯುಫೋರ್ಬಿಯಾ ಮಿರ್ಸಿನೈಟಿಸ್‌ಗೂ ಇದೇ ಕ್ರಮ. ಮರದ ನೆರಳಿನ ಒಣನೆಲವನ್ನೂ ಸಹಿಸುವ ರಾಬಿಯೆ ಎಂಬ ತಳಿ ನೆಲದೊಳಗಿನ ಕಾಂಡದಿಂದ ಹಬ್ಬುತ್ತದೆ, ಅದನ್ನು ಬೆಳೆಸುವುದಕ್ಕಿಂತ ಅದಕ್ಕೆ ಎಲ್ಲೆ ಹಾಕುವುದೇ ಕಷ್ಟ. ಹಾಲು ಮಾತ್ರ ಇವೆಲ್ಲವುಗಳಲ್ಲೂ ಇದೆ. ನೀರು ನಿಲ್ಲುವ ನೆಲವನ್ನು ಇವುಗಳಲ್ಲಿ ಯಾವುದೂ ಇಷ್ಟಪಡುವುದಿಲ್ಲ.

ಅಗೆದಾಗ ಸಿಕ್ಕಿದ್ದು

ಮುಳ್ಳಿನ ಗಿಡವನ್ನು ಎತ್ತಲು ದಿನಪತ್ರಿಕೆಯನ್ನು ನಾಲ್ಕೈದು ಪದರ ಮಡಚಿ ಪಟ್ಟಿ ಮಾಡಿ, ಕಾಂಡಕ್ಕೆ ಸುತ್ತಿ ಹಿಡಿದರೆ ಸಾಕು. ಬುಡದಿಂದ ಒಂದು ಗೇಣು ದೂರ ಸುತ್ತಲೂ ಅಗೆದು, ಕೆಳಗಿನಿಂದ ಹಾರೆ ಹಾಕಿ ಎತ್ತಿದೆ. ಬೇರುಗಳನ್ನು ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿದಾಗ ವಿಷಯ ಸ್ಪಷ್ಟವಾಯಿತು. ಒಳ್ಳೆಯ ಬೇರು ತೆಳುಬಣ್ಣದ್ದು, ಎಳೆದರೆ ಬಿಗಿ. ಕೊಳೆತ ಬೇರನ್ನು ಎರಡು ಬೆರಳ ನಡುವೆ ಹಿಡಿದು ಎಳೆದರೆ ಮೇಲಿನ ಕಂದು ಸಿಪ್ಪೆ ಜಾರಿ ಬೆರಳಿಗೆ ಬರುತ್ತದೆ, ಒಳಗಿನ ನೂಲಿನಂಥ ಎಳೆಯೊಂದು ಗಿಡದಲ್ಲೇ ಉಳಿಯುತ್ತದೆ. ಹಾಗೆ ಜಾರಿದವನ್ನೆಲ್ಲ ಕತ್ತರಿಸಿ ತೆಗೆದೆ. ಆರೋಗ್ಯವಾಗಿ ಕಂಡ ಬಲತುದಿಯ ಗಿಡಗಳಲ್ಲೂ ಜೇಡಿಮಣ್ಣಿಗೆ ತಾಗಿದ್ದ ಕೆಳಬೇರುಗಳು ಹೋಗಿದ್ದವು. ಅವು ಬದುಕಿದ್ದುದು ಮೇಲಿನ ಒಂದು ಗೇಣು ಮಣ್ಣಿನ ಬಲದಿಂದ.

ಗಿಡಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಪತ್ರಿಕೆಯ ಮೇಲೆ ಹರಡಿ ಒಣಗಲು ಬಿಟ್ಟೆ. ಬೇರೆ ಹೂಗಿಡವಾದರೆ ಬೇರು ಒಣಗಿಸುವ ಮಾತು ಕೇಳಿಯೇ ಬೆಚ್ಚಿಬೀಳಬೇಕು. ಇದಕ್ಕೆ ವಾರ ಹೊರಗಿದ್ದರೂ ಏನೂ ಆಗುವುದಿಲ್ಲ, ಕತ್ತರಿಸಿದ ಬೇರಿನ ಗಾಯ ಆರಲು ಆ ಸಮಯ ಬೇಕು. ಪಾತಿ ಕಟ್ಟಲೂ ನನಗೆ ಅಷ್ಟು ಬಿಡುವು ಸಿಕ್ಕಿತು.

ಪಾತಿ ಕಟ್ಟಿದ್ದು

ಇಲ್ಲಿ ಎರಡು ದಾರಿಗಳಿದ್ದವು. ಒಂದು, ಜೇಡಿಮಣ್ಣನ್ನು ಆಳಕ್ಕೆ ಅಗೆದು ತೆಗೆದು, ಆ ಗುಂಡಿಗೆ ಮರಳು ಮಿಶ್ರಣ ತುಂಬುವುದು. ಹೆಚ್ಚಿನವರು ಸೂಚಿಸುವುದು ಇದನ್ನೇ. ನಾಲ್ಕೂ ಕಡೆ ಜೇಡಿಮಣ್ಣು ಇರುವಲ್ಲಿ ಇದು ಬಾವಿ ತೋಡಿದ ಹಾಗೆ: ಸುತ್ತಲಿನ ನೀರೆಲ್ಲ ಸಡಿಲ ಮಣ್ಣಿರುವ ಕಡೆಗೇ ಬಂದು ಸೇರಿ, ಹೊರಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಎರಡನೆಯ ದಾರಿ, ಕೆಳಗೆ ಅಗೆಯದೆ ನೆಲದ ಮೇಲೆಯೇ ಪಾತಿ ಎತ್ತರಿಸುವುದು. ನಾನು ಹಿಡಿದದ್ದು ಇದನ್ನು.

ಗೋಡೆಗೆ ಮಣ್ಣು ತಾಗಿದರೆ ತೇವ ಒಳಗೆ ಬರುತ್ತದೆ, ಬಣ್ಣ ಏಳುತ್ತದೆ. ಅದಕ್ಕಾಗಿ ಗೋಡೆಯಿಂದ 15 ಸೆಂಟಿಮೀಟರ್ ಬಿಟ್ಟು ಹಿಂದಿನ ಅಂಚು ಕಟ್ಟಿದೆ. ಮೊದಲು ಹಳೆಯ ಪಾತಿಯ ಮೇಲ್ಮೈಯನ್ನು ಹಾರೆಯಿಂದ ಒರಟಾಗಿ ಕೆದಕಿ, ಗೋಡೆಯಿಂದ ಹೊರಕ್ಕೆ ಮೀಟರಿಗೆ 2 ಸೆಂಟಿಮೀಟರಿನಷ್ಟು ಇಳಿಜಾರು ಕೊಟ್ಟೆ. ನೀರಿನ ಮಟ್ಟ ನೋಡಲು ಸ್ಪಿರಿಟ್ ಲೆವೆಲ್ ಇರಲಿಲ್ಲ, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗಾರೆಯವರು ನೋಡುವ ಹಾಗೆಯೇ ನೋಡಿಕೊಂಡೆ. ಇಟ್ಟಿಗೆಗಳನ್ನು ಸಿಮೆಂಟ್ ಇಲ್ಲದೆ ಒಣಜೋಡಣೆಯಲ್ಲಿ 30 ಸೆಂಟಿಮೀಟರ್ ಎತ್ತರಕ್ಕೆ ಇಟ್ಟೆ. ಮುಂಭಾಗದ ಕೆಳವರಸೆಯಲ್ಲಿ ಎರಡೆರಡು ಇಟ್ಟಿಗೆಗೊಮ್ಮೆ ಬೆರಳಗಲ ಸಂದು ಬಿಟ್ಟು, ಒಳಗಡೆಯಿಂದ ಸೊಳ್ಳೆಪರದೆಯ ಜಾಲರಿಯ ಚೂರು ಇಟ್ಟೆ. ಇಳಿದು ಬಂದ ನೀರು ಜೇಡಿಯ ಮೇಲೆ ಜಾರಿ ಈ ಸಂದುಗಳಿಂದ ಹೊರಬೀಳುತ್ತದೆ, ಮಣ್ಣು ಒಳಗೇ ಉಳಿಯುತ್ತದೆ.

ಮಿಶ್ರಣಕ್ಕೆ ಬಾಂಡ್ಲಿಯೇ ಅಳತೆ. ಎರಡು ಬಾಂಡ್ಲಿ ಕೆಮ್ಮಣ್ಣು, ಎರಡು ದಪ್ಪ ಮರಳು, ಒಂದು ಇಟ್ಟಿಗೆ ಚೂರು, ಒಂದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಇದೇ ಲೆಕ್ಕದಲ್ಲಿ ಸುಮಾರು ಅರ್ಧ ಘನ ಮೀಟರ್ ಬೇಕಾಯಿತು. ಮರಳಿನ ಆಯ್ಕೆಯಲ್ಲೇ ಕೆಲಸ ಗೆಲ್ಲುವುದು ಅಥವಾ ಸೋಲುವುದು. ಗೋಡೆ ಸಾರಣೆಗೆ ಬಳಸುವ ನುಣ್ಣನೆಯ ಮರಳು ಮಣ್ಣಿನ ಕಣಗಳ ನಡುವೆ ಕೂತು ಎಲ್ಲವನ್ನೂ ಬಿಗಿ ಮಾಡುತ್ತದೆ, ಅದಕ್ಕಿಂತ ಮರಳು ಹಾಕದಿರುವುದೇ ವಾಸಿ. ಬೇಕಾದದ್ದು 2ರಿಂದ 4 ಮಿಲಿಮೀಟರ್ ಕಾಳು. ಜರಡಿ ಹಿಡಿದು ಕೆಳಗೆ ಬಿದ್ದ ನುಣುಪನ್ನು ಬೇರೆ ಕೆಲಸಕ್ಕೆ ಇಟ್ಟು, ಮೇಲೆ ಉಳಿದದ್ದನ್ನು ದೂಳು ಹೋಗುವವರೆಗೆ ತೊಳೆದೆ. ಇಟ್ಟಿಗೆ ಚೂರು ಕಡಲೆಕಾಳಿನ ಗಾತ್ರದ್ದು, ಇದರ ಪುಡಿಯನ್ನೂ ಜರಡಿಯಲ್ಲಿ ತೆಗೆದುಹಾಕಿದೆ. ಕೋಕೊಪೀಟ್ ಹಾಕಲಿಲ್ಲ. ನೀರು ಹಿಡಿದಿಡುವುದೇ ಅದರ ಗುಣ, ಇಲ್ಲಿ ನಮಗೆ ಬೇಡವಾದದ್ದು ಅದೇ.

ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ಸ್ವಲ್ಪ ತೇವ ಮಾಡಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಟ್ಟೆ. ಉಂಡೆಯಾಗಿ ನಿಂತು, ಬೆರಳು ತಾಗಿಸಿದ ಕೂಡಲೇ ಉದುರಬೇಕು. ಮೊದಲ ರಾಶಿಯ ಉಂಡೆ ಹಾಗೇ ನಿಂತಿತು, ಇನ್ನರ್ಧ ಬಾಂಡ್ಲಿ ಮರಳು ಬಿತ್ತು.

ತಳದಲ್ಲಿ ಜಲ್ಲಿಯ ಪದರ ಹಾಕಲಿಲ್ಲವೇ ಎಂದು ಕೇಳಿದವರಿದ್ದಾರೆ. ಹಾಕಲಿಲ್ಲ, ಹಾಕುವುದೂ ಇಲ್ಲ. ಸಣ್ಣ ರಂಧ್ರಗಳ ಮಣ್ಣಿನಲ್ಲಿರುವ ನೀರು ದೊಡ್ಡ ರಂಧ್ರಗಳ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ಕೆಳಭಾಗ ಪೂರ್ತಿ ತೊಯ್ದು ತುಂಬಿದ ಮೇಲಷ್ಟೇ ಇಳಿಯಲು ಶುರುಮಾಡುತ್ತದೆ. ಅಂದರೆ ಜಲ್ಲಿ ಹಾಕಿದರೆ ಸದಾ ತೇವವಾಗಿರುವ ಪಟ್ಟಿ ಮಾಯವಾಗುವುದಿಲ್ಲ, ಬೇರಿನ ಕಡೆಗೆ ಮೇಲಕ್ಕೆ ಸರಿಯುತ್ತದೆ. ಕುಂಡಕ್ಕೂ ಇದೇ ಮಾತು. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಅಥವಾ ಜಾಲರಿ ಸಾಕು. ಆ ಜಲ್ಲಿಯನ್ನು ಮೇಲ್ಮೈಗೆ ಹರಡಿದರೆ ಪ್ರಯೋಜನವಿದೆ: ಕಾಂಡದ ಕುತ್ತಿಗೆ ಒಣಗಿರುತ್ತದೆ, ಮಳೆಹನಿ ಮಣ್ಣನ್ನು ಎಲೆಗೆ ಸಿಡಿಸುವುದಿಲ್ಲ.

ಪಾತಿ ತುಂಬಿದ ಮೇಲೆ ಒಂದು ಬಕೆಟ್ ನೀರು ಸುರಿದು ಮುಂದೆ ಕುಳಿತೆ. ಕೆಲವೇ ನಿಮಿಷಗಳಲ್ಲಿ ಕೆಳಗಿನ ಸಂದುಗಳಿಂದ ಕೆಂಪುನೀರು ಹರಿಯಿತು, ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಅದೊಂದು ದೃಶ್ಯಕ್ಕೆ ಬೆನ್ನುನೋವು ಮರೆತುಹೋಯಿತು.

ಮರಳಿ ನೆಟ್ಟದ್ದು

ಮೊದಲಿದ್ದ ಆಳಕ್ಕಿಂತ ಒಂದು ಬೆರಳು ಮೇಲೆಯೇ ನೆಟ್ಟೆ. ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್. ನೆಟ್ಟ ದಿನ ನೀರು ಹಾಕಲಿಲ್ಲ. ಒಂದು ವಾರ ಬಿಟ್ಟು ಒಮ್ಮೆ ಚೆನ್ನಾಗಿ ಹಾಕಿದೆ, ಆಮೇಲೆ ಮತ್ತೆ ಬಿಟ್ಟುಬಿಟ್ಟೆ. ಬೋಳಿಸಿದ ಗಿಡ ಸಾಯುವುದು ಹೆಚ್ಚಾಗಿ ಈ ಹಂತದಲ್ಲೇ. ಎಲೆಯಿಲ್ಲದ ಗಿಡ ನೀರನ್ನು ಹೊರಗೆ ಬಿಡುವುದೇ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಬೇರೂ ಹೀರುವುದಿಲ್ಲ. ಎಲೆಯಿದ್ದಾಗ ಎರಡು ದಿನದಲ್ಲಿ ಒಣಗುತ್ತಿದ್ದ ಮಣ್ಣು ಈಗ ಹತ್ತು ದಿನವಾದರೂ ತೇವವಾಗಿಯೇ ಇರುತ್ತದೆ. ಪಾಪ, ಚಿಗುರಲಿ ಎಂದು ದಿನಾ ನೀರು ಹಾಕಿದರೆ ಉಳಿದ ಬೇರೂ ಹೋಗುತ್ತದೆ. ಅಡುಗೆಮನೆಯ ಬಿದಿರುಕಡ್ಡಿಯೊಂದನ್ನು ಒಂದು ಗೇಣು ಆಳಕ್ಕೆ ಚುಚ್ಚಿ ತೆಗೆಯುವುದನ್ನು ರೂಢಿ ಮಾಡಿಕೊಂಡೆ. ಮಣ್ಣು ಅಂಟಿಕೊಂಡು ಬಂದರೆ ನೀರಿಲ್ಲ, ಕಡ್ಡಿ ಒಣಗಿ ಬಂದರೆ ನೀರು.

ಕೆಲವು ವಾರಗಳಲ್ಲಿ, ಗಾಯದ ಕೆಳಗೆ, ಹಳೆಯ ಎಲೆ ಉದುರಿದ ಗುರುತುಗಳ ಮೇಲೆ, ಎರಡು ಮುಳ್ಳುಗಳ ಮಧ್ಯೆ ಸಾಸಿವೆ ಗಾತ್ರದ ಕೆಂಪು ಮೊಗ್ಗು ಉಬ್ಬಿತು. ಕತ್ತರಿಸಿದ ಕಾಂಡಕ್ಕೆ ಎರಡರಿಂದ ಮೂರು. ಮೊಗ್ಗು ಎಲೆ ಬಿಚ್ಚಿದ ಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದೆ. ಗೊಬ್ಬರ ತಿಂಗಳಿಗೊಮ್ಮೆ, ಅದೂ ಹೇಳಿದ್ದರ ಅರ್ಧ ಪ್ರಮಾಣದಲ್ಲಿ. ಸಾರಜನಕ ಹೆಚ್ಚಾದರೆ ಎಲೆ ದೊಡ್ಡದಾಗುತ್ತದೆ, ಕಾಂಡ ಮೆದುವಾಗುತ್ತದೆ, ಹೂ ಹಿಂದೆ ಬೀಳುತ್ತದೆ.

ತುಂಡುಗಳಿಂದ ಹೊಸ ಗಿಡ

ಸತ್ತ ಎಡತುದಿಯನ್ನು ತುಂಬಲು ಆರೋಗ್ಯವಂತ ಕುಡಿಗಳು ಬೇಕಾದಷ್ಟಿದ್ದವು. 10ರಿಂದ 15 ಸೆಂಟಿಮೀಟರ್ ಉದ್ದದ ತುಂಡುಗಳನ್ನು ತೆಗೆದು, ಕೆಳಗಿನ ಎಲೆ ಕಿತ್ತು, ಕತ್ತರಿಸಿದ ತುದಿಯನ್ನು ಹಾಲು ನಿಲ್ಲುವವರೆಗೆ ನೀರಿನಲ್ಲಿ ಅದ್ದಿ ಇಟ್ಟೆ. ಆಮೇಲೆ ಒಂದು ವಾರ ನೆರಳಿನಲ್ಲಿ ಒಣಗಿಸಿದ್ದು. ತುದಿಯಲ್ಲಿ ಒಣಚರ್ಮ ಕಟ್ಟಿ ಮುಟ್ಟಿದರೆ ಗಡುಸಾಗಿರಬೇಕು. ಹಸಿ ತುಂಡನ್ನು ನೇರವಾಗಿ ಮಣ್ಣಿಗೆ ಚುಚ್ಚಿದರೆ ಬೇರಿಗಿಂತ ಮೊದಲು ಕೊಳೆ ಬರುತ್ತದೆ. ಸಣ್ಣ ಕುಂಡಗಳಲ್ಲಿ ಅರ್ಧಕ್ಕರ್ಧ ಮರಳಿನ ಮಿಶ್ರಣ ತುಂಬಿ, 3 ಸೆಂಟಿಮೀಟರ್ ಆಳಕ್ಕೆ ನಿಲ್ಲಿಸಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಟ್ಟೆ. ಇರುವ ಎಲೆ ಉದುರಿದರೆ ಗಾಬರಿ ಬೇಡ. ಕಾಂಡ ಸುಕ್ಕಾದರೂ ಪರವಾಗಿಲ್ಲ. ಮೆದುವಾದರೆ ಎತ್ತಿ ಎಸೆಯುವುದು. ಬೇರು ಬಂದಿದೆಯೇ ಎಂದು ಎಳೆದು ನೋಡುವ ಚಪಲವನ್ನು ತಡೆದುಕೊಳ್ಳಬೇಕು, ಬಂದ ಎಳೆಬೇರು ಅಲ್ಲೇ ತುಂಡಾಗುತ್ತದೆ. ಬೆಚ್ಚನೆಯ ವಾತಾವರಣದಲ್ಲಿ ಐದಾರು ವಾರಕ್ಕೆ ತುದಿಯಲ್ಲಿ ಹೊಸ ಎಲೆ ಬಿಡುತ್ತದೆ, ಸುಕ್ಕು ತಾನಾಗಿ ತುಂಬಿಕೊಳ್ಳುತ್ತದೆ. ಆಗ ಪಾತಿಗೆ ಬಿಡಬಹುದು.

ಹಿಟ್ಟು ತಿಗಣೆ

ಎಳೆ ಚಿಗುರು ಬಂದೊಡನೆ ಇರುವೆಗಳ ಸಾಲು ಶುರುವಾಯಿತು. ಇರುವೆ ಬಂದಿದೆಯೆಂದರೆ ಮೇಲೆ ಯಾರೋ ಸಿಹಿ ಸುರಿಸುತ್ತಿದ್ದಾರೆ ಎಂದರ್ಥ. ಎಲೆಯ ತೊಟ್ಟು ಕಾಂಡಕ್ಕೆ ಕೂಡುವ ಮೂಲೆಯಲ್ಲಿ ಹತ್ತಿಯಂಥ ಬಿಳಿ ಗಂಟುಗಳು, ಹಿಟ್ಟು ತಿಗಣೆ. ಸಾಮಾನ್ಯವಾಗಿ ಸೋಪಿನ ನೀರು ಹೊಡೆಯುತ್ತೇವೆ, ಇಲ್ಲಿ ಅದು ಬೇಡ. ಕೀಟನಾಶಕ ಸೋಪಿಗೆ ಎಲೆ ಸುಟ್ಟುಕೊಳ್ಳುವ ಗಿಡಗಳ ಪಟ್ಟಿಯಲ್ಲಿ ಯುಫೋರ್ಬಿಯಾ ಮಿಲಿಯ ಹೆಸರು ಇದ್ದೇ ಇರುತ್ತದೆ. ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿದೆ. ಮುಳ್ಳಿನ ನಡುವೆ ತಾಳ್ಮೆಯ ಕೆಲಸ, ಆದರೆ ಮುಟ್ಟಿದ್ದು ಸಾಯುತ್ತದೆ. ಉಳಿದ ಮರಿಗಳನ್ನು ಬೆಳಗಿನ ಹೊತ್ತು ಪೈಪಿನ ರಭಸದ ನೀರಿನಿಂದ ಹಾರಿಸಿದೆ, ಸಂಜೆಯೊಳಗೆ ಗಿಡ ಒಣಗಬೇಕಲ್ಲ. ಬೇವಿನ ಎಣ್ಣೆಯನ್ನೂ ಸೋಪು ಹಾಕಿಯೇ ಕರಗಿಸುವುದರಿಂದ, ಬಳಸುವವರು ಮೊದಲು ಒಂದೆರಡು ಎಲೆಗೆ ಹಚ್ಚಿ ನಾಲ್ಕು ದಿನ ನೋಡುವುದು ಒಳ್ಳೆಯದು.

ಹೂವು ಬಂದ ಮೇಲೆ

ಹೊಸ ಕವಲುಗಳು ಒಂದು ಗೇಣಾಗುವಷ್ಟರಲ್ಲಿ ಹೂ ಬಂತು. ನಾವು ಹೂವೆನ್ನುವ ಎರಡು ಕೆಂಪು ದಳಗಳು ನಿಜದಲ್ಲಿ ದಳಗಳಲ್ಲ, ಬಣ್ಣ ಬಂದ ಎಲೆಗಳು. ಭೂತಗನ್ನಡಿ ಹಿಡಿದರೆ ಅವುಗಳ ನಡುವೆ ಒಂದು ಸಣ್ಣ ಬಟ್ಟಲು, ಅದರ ಅಂಚಿನಲ್ಲಿ ಜೇನು ಒಸರುವ ಐದು ಗ್ರಂಥಿಗಳು. ಬಟ್ಟಲಿನೊಳಗಿನ ಒಂದೊಂದು ಕೇಸರವೂ ಒಂದೊಂದು ಗಂಡುಹೂ, ಅದರ ಕಾಲಿನಲ್ಲಿರುವ ಚಿಕ್ಕ ಗಿಣ್ಣೇ ಸಾಕ್ಷಿ. ನಡುವೆ ಮೂರು ಭಾಗಗಳ ಅಂಡಾಶಯವಿರುವ ಒಂಟಿ ಹೆಣ್ಣುಹೂ. ಈ ಬಟ್ಟಲಿನ ರಚನೆ ಯುಫೋರ್ಬಿಯಾಗಳ ಮುಖ್ಯ ಗುರುತು. ಪಾಪಾಸುಕಳ್ಳಿಯಲ್ಲಿ ಇದೂ ಇಲ್ಲ, ಹಾಲೂ ಇಲ್ಲ. ಅದು ಬೇರೆಯೇ ಕುಟುಂಬದ್ದು.

ಹೂವಿನ ಸಂಖ್ಯೆ ನಿರ್ಧಾರವಾಗುವುದು ಬಿಸಿಲಿನಿಂದ. ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲಿಲ್ಲದ ಕಡೆ ಗಿಡ ಬದುಕುತ್ತದೆ, ಹೂ ಹೆಚ್ಚು ಬಿಡುವುದಿಲ್ಲ. ನಮ್ಮ ಬಲತುದಿಯ ಮೇಲೆ ಸೀಬೆಮರದ ಕೊಂಬೆಯೊಂದು ಚಾಚಿದೆ, ಅದರ ಕೆಳಗಿನ ಎರಡು ಗಿಡಗಳಲ್ಲಿ ಎಲೆ ಚೆನ್ನಾಗಿದ್ದರೂ ಹೂ ಇನ್ನೂ ಬೆರಳೆಣಿಕೆಯಷ್ಟೇ. ಕೊಂಬೆ ಕಡಿಯುವ ವಿಚಾರದಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ಇನ್ನು ಚಳಿ: ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಕಡೆ ಇದನ್ನು ಕುಂಡದಲ್ಲೇ ಬೆಳೆಸಿ, ಚಳಿಗಾಲದಲ್ಲಿ ಒಳಗಿಟ್ಟು ನೀರು ಬಹುತೇಕ ನಿಲ್ಲಿಸಬೇಕು. ಹಿಮ ಬಿದ್ದರೆ ಸಾಯುತ್ತದೆ.

ಹೊಸ ಪಾತಿ ಮೊದಲ ಮಳೆಗಾಲ ದಾಟಿತು. ಮಣ್ಣು ಮೂರು ಬೆರಳಿನಷ್ಟು ಕುಸಿದಿತ್ತು, ಮೇಲಿನ ಜಲ್ಲಿ ಸರಿಸಿ, ಅದೇ ಮಿಶ್ರಣ ತುಂಬಿ, ಜಲ್ಲಿಯನ್ನು ಮತ್ತೆ ಹರಡಿದೆ. ಕೆಳಗಿನ ಸಂದುಗಳಲ್ಲಿ ಎರಡು ಕಟ್ಟಿಕೊಂಡಿದ್ದವು, ತಂತಿ ಹಾಕಿ ಬಿಡಿಸಿದ್ದಾಯಿತು. ಒಣಜೋಡಣೆಯ ಇಟ್ಟಿಗೆಗಳಲ್ಲಿ ಎಡಮೂಲೆಯವು ಸ್ವಲ್ಪ ಹೊರಕ್ಕೆ ಬಾಗಿವೆ, ಅವನ್ನು ಈ ಬೇಸಿಗೆಯಲ್ಲಿ ತೆಗೆದು ಮತ್ತೆ ಕೂರಿಸಬೇಕು. ಉಳಿದ ತುಂಡುಗಳಿಂದ ಎದ್ದ ಗಿಡಗಳು ಕುಂಡಗಳಲ್ಲಿವೆ. ಅದರಲ್ಲಿ ಎರಡನ್ನು ಶಿಲೀಂಧ್ರನಾಶಕ ಹೇಳಿದ ಹಿರಿಯರು ತೆಗೆದುಕೊಂಡು ಹೋದರು, ಜೊತೆಗೆ ಮಿಶ್ರಣದ ಲೆಕ್ಕವನ್ನೂ ಬರೆಸಿಕೊಂಡರು.